ಯಶೋಧರಮ್ಮ ದಾಸಪ್ಪ: ಸತ್ಯಾಗ್ರಹದಿಂದ ರಾಜೀನಾಮೆಯವರೆಗೆ

ಮೈಸೂರು ಸಂಸ್ಥಾನದ ಸ್ವಾತಂತ್ರ್ಯ ಚಳವಳಿಯ ಚರಿತ್ರೆಯು 1938ರ ಶಿವಪುರ ಮತ್ತು ವಿದುರಾಶ್ವತ್ಥಗಳಿಂದ ಹೊರಟು, ಮೈಸೂರು ನಗರದ ಅರಮನೆಯನ್ನು ಗುರಿಯಾಗಿಸಿಕೊಂಡ 1947ರ ‘ಮೈಸೂರು ಚಲೋ’ದಲ್ಲಿ ಮುಕ್ತಾಯಗೊಳ್ಳುವುದು ವಾಡಿಕೆ. ಜವಾಬ್ದಾರಿ ಸರ್ಕಾರ ಲಭಿಸಿದೊಡನೆ ಹೋರಾಟವೂ ಮುಗಿಯಿತೆಂಬುದು ಈ ನಿರೂಪಣೆಯ ಗೃಹೀತ. ಅದರಲ್ಲಿ ಮಹಿಳೆಯರು ಬಹುಮಟ್ಟಿಗೆ ನಾಯಕರ ಸಹಧರ್ಮಿಣಿಯರು. ಯಶೋಧರಮ್ಮನವರೂ (1905–1980) ಎಚ್.ಸಿ. ದಾಸಪ್ಪನವರ ಪತ್ನಿಯೆಂದೇ ಹೆಚ್ಚು ಪರಿಚಿತರು.

ಅವರ ಬದುಕು ಈ ಎರಡು ಗ್ರಹಿಕೆಗಳನ್ನೂ ಪ್ರಶ್ನಿಸುತ್ತದೆ. ಅರಣ್ಯ ಸತ್ಯಾಗ್ರಹದಲ್ಲಿ ಪಾಲ್ಗೊಂಡ ಅವರು ಕಸ್ತೂರಬಾ ಸ್ಮಾರಕ ನಿಧಿಯ ಮೂಲಕ ಗ್ರಾಮೀಣ ಮಹಿಳೆಯರ ನಡುವೆ ದುಡಿದರು. ಸ್ವಾತಂತ್ರ್ಯಾನಂತರ ಎಸ್.ಆರ್. ಕಂಠಿ ಹಾಗೂ ಎಸ್. ನಿಜಲಿಂಗಪ್ಪನವರ ಸಂಪುಟಗಳಲ್ಲಿ ಸಚಿವೆಯಾದರು. ಪಾನನಿರೋಧವನ್ನು ಕೈಬಿಡಲು ನಿಜಲಿಂಗಪ್ಪನವರ ಸರ್ಕಾರ ತೀರ್ಮಾನಿಸಿದಾಗ ಸಚಿವಸ್ಥಾನವನ್ನೇ ತ್ಯಜಿಸಿದರು.

ಈ ರಾಜೀನಾಮೆಯನ್ನು ಕೇವಲ ವೈಯಕ್ತಿಕ ನೈತಿಕ ನಿಷ್ಠೆಯೆಂದು ಕೊಂಡಾಡುವುದು ಅದರ ರಾಜಕೀಯ ಅರ್ಥವನ್ನು ಕುಗ್ಗಿಸಿದಂತೆ. ಹೆಂಡ-ಸಾರಾಯಿ ಅಂಗಡಿಗಳ ಮುಂದಿನ ಪಿಕೆಟಿಂಗ್ ರಾಷ್ಟ್ರೀಯ ಚಳವಳಿಯು ಮಹಿಳೆಯರಿಗೆ ತೆರೆದ ಪ್ರಮುಖ ಸಾರ್ವಜನಿಕ ಕಾರ್ಯಕ್ಷೇತ್ರವಾಗಿತ್ತು. ಪಾನನಿರೋಧವು ಆ ಮಹಿಳೆಯರಿಗೆ ಕೊಟ್ಟ ಮಾತು. ಅದನ್ನು ಮುರಿದದ್ದು ಪರಕೀಯ ಆಡಳಿತವಲ್ಲ, ಸ್ವಕೀಯ ಸರ್ಕಾರ. ಅಬಕಾರಿ ವರಮಾನಕ್ಕಿಂತ ಆ ಮಾತು ಹಿರಿದೆಂದು ಬಗೆದ ನಡೆಯು ಸತ್ಯಾಗ್ರಹದ ಮುಂದುವರಿಕೆಯೇ ಆಗಿದೆ. 1972ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು. ಆದರೆ ಚಳವಳಿಯ ಚರಿತ್ರೆಯನ್ನು 1947ಕ್ಕೆ ನಿಲ್ಲಿಸುವವರೆಗೆ ಅವರ ವ್ಯಕ್ತಿತ್ವದ ಅರ್ಧಭಾಗ ಅದರ ಹೊರಗೇ ಉಳಿಯುತ್ತದೆ.