‘ನಿಧಾನ’ ಶಬ್ದದ ವಿಚಾರ

‘ನಿಧಾನ’ವೆಂದೊಡನೆ ಈಗಿನ ಕನ್ನಡಿಗರಿಗೆ ತೋರುವ ಅರ್ಥವು ಮೆಲ್ಲಗೆ, ಸಾವಕಾಶವಾಗಿ ಎಂಬುದೇ. ಇದೊಂದನ್ನೇ ಹಿಡಿದು 12ನೆಯ ಶತಮಾನದ ವಚನಗಳನ್ನು ಓದಹೊರಟವರು ಎಡವಬೇಕಾಗುವುದು. ಅಲ್ಲಿ ನಿಧಾನವೆಂದರೆ ನೆಲದಲ್ಲಿ ಹೂಳಿಟ್ಟ ಧನ.

ಶಬ್ದದ ಹುಟ್ಟಿನಲ್ಲಿ ಸಂದೇಹಕ್ಕೆಡೆಯಿಲ್ಲ. ‘ಧಾ’ ಎಂದರೆ ಇಡುವುದು. ‘ನಿ’ ಎಂಬ ಉಪಸರ್ಗವು ಸೇರಿ ಕೆಳಗಿಡುವುದು, ಒಳಗಿಡುವುದು ಎಂದಾಯಿತು. ನಿಧಿಯೂ ಇದೇ ಧಾತುವಿನ ಸಂತಾನವು. ಇಡುವ ಕ್ರಿಯೆ, ಇಡುವ ಸ್ಥಳ, ಇಟ್ಟ ವಸ್ತು ಈ ಮೂರಕ್ಕೂ ‘ನಿಧಾನ’ವು ಸಲ್ಲುತ್ತದೆ. ರೋಗದ ಮೂಲಕಾರಣವನ್ನು ಹೇಳುವ ಅಲ್ಪಪ್ರಾಣದ ‘ನಿದಾನ’ವು ಬೇರೆ, ಮಾಧವನಿದಾನಕ್ಕೆ ಮಹಾಪ್ರಾಣವನ್ನಿತ್ತು ಬರೆಯುವವರು ವೈದ್ಯಗ್ರಂಥವನ್ನು ಹೊನ್ನಿನ ಕೊಪ್ಪರಿಗೆಯನ್ನಾಗಿ ಮಾಡುತ್ತಾರೆ.

ಹಾಗಾದರೆ ‘ಮೆಲ್ಲಗೆ’ ಎಂಬರ್ಥವು ಅಪಭ್ರಂಶವೋ? ಹಾಗೆನ್ನುವುದು ದುಡುಕು. ಭಗವದ್ಗೀತೆಯ 9ನೆಯ ಅಧ್ಯಾಯದಲ್ಲಿ ಭಗವಂತನು ತನ್ನನ್ನು ನಿಧಾನವೆಂದು ಕರೆದುಕೊಂಡಿರುವನಷ್ಟೆ. ಅದಕ್ಕೆ ಶಂಕರಾಚಾರ್ಯರು ಪ್ರಾಣಿಗಳು ಕಾಲಾಂತರದಲ್ಲಿ ಭೋಗಿಸತಕ್ಕ ನಿಕ್ಷೇಪವೆಂದು ಭಾಷ್ಯವನ್ನು ಬರೆದಿದ್ದಾರೆ. ‘ಕಾಲಾಂತರ’ವೆಂಬ ಈ ಮಾತು ಗಮನಾರ್ಹವು. ಇಂದು ಉಣ್ಣದೆ ಮುಂದಕ್ಕೆ ಇಡುವವನು ಆತುರಗಾರನಲ್ಲ. ಇಡುವಿಕೆಯಿಂದ ತಾಳ್ಮೆಗೂ, ತಾಳ್ಮೆಯಿಂದ ಸಾವಕಾಶಕ್ಕೂ ಅರ್ಥವು ಸರಿದಿರುವುದು ಸಹಜವಾಗಿಯೇ ಇದೆ. ತೆಲುಗು ತಮಿಳುಗಳಲ್ಲಿಯೂ ಈ ಶಬ್ದಕ್ಕೆ ನೆಮ್ಮದಿ, ಸಮಾಧಾನಗಳ ಅರ್ಥವುಂಟು.

ಆದರೆ ಹೊಸ ಅರ್ಥವು ಹಳೆಯದನ್ನು ಮುಚ್ಚಿದಲ್ಲಿ ಕಾವ್ಯಕ್ಕೆ ಹಾನಿ. ಅಕ್ಕಮಹಾದೇವಿಯವರ ಪ್ರಸಿದ್ಧ ವಚನವೊಂದರಲ್ಲಿ ಕಾಣದಂತಿರುವ ಚೆನ್ನಮಲ್ಲಿಕಾರ್ಜುನನಿಗೆ ದೃಷ್ಟಾಂತಗಳ ಮಾಲೆಯೇ ಇದೆ. ನೆಲದಲ್ಲಡಗಿದ ನಿಧಾನವು ಮೊದಲನೆಯದು. ಆಮೇಲೆ ಹಣ್ಣಿನ ಸವಿ, ಕಲ್ಲಿನೊಳಗಣ ಚಿನ್ನ, ಎಳ್ಳಿನ ಎಣ್ಣೆ, ಮರದಲ್ಲಿಯ ಬೆಂಕಿ. ಸಾಮಾನ್ಯವಾಗಿ ಇವೆಲ್ಲವನ್ನೂ ಒಂದೇ ತೂಕದವೆಂದು ವ್ಯಾಖ್ಯಾನಿಸುವುದುಂಟು. ಧಾತ್ವರ್ಥವನ್ನು ನೆನೆದರೆ ಭೇದವು ತಿಳಿದೀತು. ಸವಿಯನ್ನು ಹಣ್ಣಿನಲ್ಲಿ ಯಾರೂ ತಂದಿಟ್ಟುದಲ್ಲ; ಎಣ್ಣೆಯೂ ಎಳ್ಳಿನೊಡನೆಯೇ ಹುಟ್ಟಿದುದು. ನಿಧಾನಕ್ಕಾದರೋ ಇಟ್ಟವನೊಬ್ಬನು ಬೇಕು, ಅಗೆದು ಪಡೆಯುವ ಬಾಧ್ಯನೂ ಬೇಕು. ಹೊರಗಿನಿಂದ ಬಂದು ಅಡಗಿದುದನ್ನು ಮೊದಲು ತೋರಿಸಿ, ಅನಂತರ ಹುಟ್ಟಿನೊಡನೆಯೇ ಬೆರೆತುಕೊಂಡಿರುವುದರ ಕಡೆಗೆ ಅಕ್ಕನವರು ಓದುಗನನ್ನು ನಡೆಸುತ್ತಾರೆ. ನಿಧಾನಕ್ಕೆ ಗಣಿಯೆಂದೋ ಅದಿರೆಂದೋ ಟಿಪ್ಪಣಿ ಬರೆದಲ್ಲಿ ಈ ಕ್ರಮವು ಕೆಡುವುದು. ಕಲ್ಲಿನೊಳಗಣ ಚಿನ್ನವೂ ಬರಿಯ ಪುನರುಕ್ತಿಯಾಗಿ ನಿಲ್ಲುವುದು.