ಡಾಲ್ಡಾ ಡಬ್ಬಿಯೂ ಪಾರ್ಸೆಲ್ ಡಬ್ಬಿಯೂ

ಅಡುಗೆಮನೆಯ 'ಜೀರೋ ವೇಸ್ಟ್' ರೀಲ್ಸ್‌ಗಳಿಗೆ ಈಗ ಒಂದು ಸಿದ್ಧ ಮಾದರಿ ಇದೆ. ಮೊದಲು ಹೋಟೆಲಿಂದ ಬಂದ ಹತ್ತು ಪ್ಲಾಸ್ಟಿಕ್ ಡಬ್ಬಿ. ಆಮೇಲೆ ಅವಕ್ಕೆಲ್ಲ ಚಂದದ ಲೇಬಲ್, ಒಳಗೆ ತೊಗರಿಬೇಳೆ, ಕಡಲೆಬೇಳೆ, ಸಾಸಿವೆ. ಹಿನ್ನೆಲೆಯಲ್ಲಿ ಕೊಳಲು. ಕೊನೆಗೆ ಒಂದು ಸಾಲು: 'ನಮ್ಮ ಅಜ್ಜಿ ಇದನ್ನೇ ಮಾಡ್ತಿದ್ರು, ದುಡ್ಡೂ ಉಳೀತಿತ್ತು.' ನನ್ನ ತಕರಾರು ಈ ಕೊನೇ ಸಾಲಿನ ಮೇಲೆ.

ಅಜ್ಜಿ ಇದನ್ನು ಮಾಡ್ತಿರಲಿಲ್ಲ. ನಾನು ಬೆಳೆದ ಹಳ್ಳಿಯಲ್ಲಿ ಎಸೆಯೋ ವಸ್ತುಗಳನ್ನು ಧಾರಾಳವಾಗಿ ಎಸೆಯುತ್ತಿದ್ದರು. ಬಾಳೆಎಲೆ, ಮುತ್ತುಗದ ಎಲೆ, ಅಡಿಕೆ ಹಾಳೆ, ಎಲ್ಲವೂ ಒಂದು ಹೊತ್ತಿನ ಊಟಕ್ಕೆ. ಆಮೇಲೆ ಸೀದಾ ಗೊಬ್ಬರದ ಗುಂಡಿಗೆ. ಉಂಡೆಲೆ ತೊಳೆದು ನಾಳೆಗೆ ಎತ್ತಿಟ್ಟವರನ್ನು ನಾನು ನೋಡಿಲ್ಲ. ಎತ್ತಿಡುತ್ತಿದ್ದದ್ದು ಡಾಲ್ಡಾ ಡಬ್ಬಿ, ಹಾರ್ಲಿಕ್ಸ್ ಬಾಟಲಿ, ಬಿಸ್ಕತ್ತಿನ ತಗಡಿನ ಡಬ್ಬ. ಹಾರ್ಲಿಕ್ಸ್ ಬಾಟಲಿಯಲ್ಲಿ ಹತ್ತು ವರ್ಷ ಮಾವಿನ ಮಿಡಿ ಹಾಕಿಟ್ಟರೂ ಗಾಜು ಗಾಜೇ. ಬಿಸಿನೀರಲ್ಲಿ ತೊಳೆದು ಬಿಸಿಲಿಗಿಟ್ಟರೆ ಹಳೇ ಉಪ್ಪಿನಕಾಯಿಯ ವಾಸನೆಯೂ ಉಳಿಯಲ್ಲ. ಅಜ್ಜಿಯ ಜಾಣತನಕ್ಕೆ ನಾವು ಕೈ ಮುಗೀತೀವಿ, ಆ ಗಾಜಿನ ಬಗ್ಗೆ ಮಾತೇ ಆಡಲ್ಲ.

ಪಾರ್ಸೆಲ್ ಡಬ್ಬಿ ಬೇರೆ ಜಾತಿ. ಸಾಂಬಾರ್ ಬಂದ ಡಬ್ಬಿಯನ್ನು ಮೂರು ಸಲ ಸೋಪು ಹಾಕಿ ಉಜ್ಜಿ ನೋಡಿ. ಅರಿಶಿನದ ಹಳದಿ ಹೋಗಲ್ಲ, ಇಂಗಿನ ವಾಸನೆಯೂ ಹೋಗಲ್ಲ. ಎರಡೂ ಪ್ಲಾಸ್ಟಿಕ್ಕಿನ ಒಳಕ್ಕೇ ಇಳಿದಿರುತ್ತವೆ. ತಳದ ತ್ರಿಕೋನದಲ್ಲಿ 5 ಅಂತಿದ್ದರೆ ಅದು ಪಾಲಿಪ್ರೊಪಿಲೀನ್, ಒಂದಷ್ಟು ಬಿಸಿ ತಡೆಯುತ್ತೆ, ಒಣ ಬೇಳೆ ಹಾಕಲು ಅಡ್ಡಿಯಿಲ್ಲ. 1 ಅಂತಿದ್ದರೆ ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್. ಕುದಿಯೋ ನೀರು ಹೊಯ್ದರೆ ಮುದುಡಿಕೊಳ್ಳುತ್ತೆ. 6 ಇದ್ದರೆ ಪಾಲಿಸ್ಟೈರೀನ್, ಬಿಸಿ ಪದಾರ್ಥದ ಹತ್ತಿರವೂ ತರಬೇಡಿ. ಇಷ್ಟು ರೀಲ್ಸ್ ನೋಡಿದ್ದೇನೆ, ಡಬ್ಬಿ ಬೋರಲು ಹಾಕಿ ತಳ ತೋರಿಸಿದವರು ಒಬ್ಬರೂ ಸಿಕ್ಕಿಲ್ಲ.

ಹಳೇ ಅಭ್ಯಾಸ ಅನ್ನೋದೇ ಸರ್ಟಿಫಿಕೇಟ್ ಆಗಲ್ಲ ಅನ್ನೋದಕ್ಕೆ ನ್ಯೂಸ್‌ಪೇಪರ್ ನೋಡಿ. ನಮ್ಮ ಜಿಲ್ಲೆಯಲ್ಲಿ ಪೇಪರ್ ಬಗ್ಗೆ ಒಂದು ಮಮಕಾರ ಇದೆ. ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್‌ನಲ್ಲಿ ಒಂದು ಕಾಲಕ್ಕೆ ನ್ಯೂಸ್‌ಪ್ರಿಂಟೇ ತಯಾರಾಗುತ್ತಿತ್ತು. ಅಲ್ಲಿ ಉತ್ಪಾದನೆ ನಿಂತು ವರ್ಷಗಳಾದವು, ಆದರೆ ಎಣ್ಣೆ ಹೀರಲಿ ಅಂತ ಬೋಂಡವನ್ನು ಹಳೇ ಪೇಪರ್ ಮೇಲೆ ಹರವೋದು ನಿಂತಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮ ಇದನ್ನು ಒಪ್ಪಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಪ್ರಾಧಿಕಾರ ಮತ್ತೆ ಎಚ್ಚರಿಸಿತು: ಕಟ್ಟಲೂ ಬೇಡಿ, ಬಡಿಸಲೂ ಬೇಡಿ, ಎಣ್ಣೆ ಹೀರಿಸಲೂ ಬೇಡಿ. ಕಾರಣ ಮುದ್ರಣದ ಶಾಯಿ, ಅದರಲ್ಲಿರಬಹುದಾದ ಸೀಸದಂಥ ಭಾರಲೋಹಗಳು. ಖರ್ಚಿಲ್ಲದ, ಮಣ್ಣಲ್ಲಿ ಕೊಳೆಯುವ ವಸ್ತು ಹೌದು. ಆದರೂ ಬೋಂಡದ ಕೆಳಗೆ ಸಲ್ಲದು.

ಇನ್ನು ದುಡ್ಡಿನ ವಿಷಯ. ಶಿವಮೊಗ್ಗದ ಹೊಸಮನೆಯಲ್ಲಿ (ಭದ್ರಾವತಿಯಲ್ಲೂ ಒಂದು ಹೊಸಮನೆ ಇದೆ, ಅದಲ್ಲ) ನಮ್ಮ ಚಿಕ್ಕಮ್ಮನ ಮನೆ. ದಿನಕ್ಕೆ ಅರ್ಧ ಲೀಟರಿನ ಎರಡು ನಂದಿನಿ ಪ್ಯಾಕೆಟ್. ಚಿಕ್ಕಮ್ಮ ಅದನ್ನು ಕತ್ತರಿಸಿ, ತೊಳೆದು, ತೊಳೆದ ನೀರು ಕರಿಬೇವಿನ ಗಿಡಕ್ಕೆ ಹಾಕಿ, ಕ್ಲಿಪ್ಪಿಗೆ ಸಿಕ್ಕಿಸಿ ಒಣಗಿಸಿ ಗುಜರಿಗೆ ಕೊಡ್ತಾರೆ. ಲೆಕ್ಕ ಹಾಕೋಣ. ಒಂದು ಖಾಲಿ ಪ್ಯಾಕೆಟ್ ಹೆಚ್ಚುಕಮ್ಮಿ ಎರಡೂವರೆ ಗ್ರಾಂ. ವರ್ಷಕ್ಕೆ 730 ಪ್ಯಾಕೆಟ್ ಅಂದರೆ ಎರಡು ಕೆಜಿಯೂ ಆಗಲ್ಲ. ಕೆಜಿಗೆ 20 ರೂಪಾಯಿ ಅಂತಿಟ್ಟುಕೊಂಡರೆ 36 ರೂಪಾಯಿ ಚಿಲ್ಲರೆ. ಒಂದಕ್ಕೆ ಒಂದು ನಿಮಿಷ ಅಂದರೂ ವರ್ಷಕ್ಕೆ 12 ಗಂಟೆ ಕೆಲಸ. ಗಂಟೆಗೆ ಮೂರು ರೂಪಾಯಿ! ನಮ್ಮ ಕಂಪನಿಗಳ ಬಿಲ್ಲಿಂಗ್ ರೇಟ್ ನೆನಪಾಗಿ ನನಗೇ ನಾಚಿಕೆಯಾಯ್ತು. 'ಪ್ಯಾಕೆಟ್ ತೊಳೆದು ದುಡ್ಡು ಉಳಿಸಿ' ಅನ್ನೋರು ಈ ನಿಮಿಷಗಳಿಗೆ ಬೆಲೆ ಕಟ್ಟಿರಲ್ಲ, ಯಾಕಂದ್ರೆ ಅವು ಮನೆಯ ಹೆಂಗಸರ ನಿಮಿಷಗಳು.

ಹಾಗಂತ ಆ ಕೆಲಸ ದಂಡ ಅಲ್ಲ. ತೊಳೆದು ಒಣಗಿಸಿದ ಹಾಲಿನ ಕವರ್ ಕರಗಿಸಿ ಮತ್ತೆ ಬಳಸಬಹುದಾದ ಒಳ್ಳೇ ಪ್ಲಾಸ್ಟಿಕ್. ಹುಳಿ ಬಂದ ಹಾಲು ಅಂಟಿದ ಒಂದು ಕವರ್ ಪಕ್ಕದ ಹತ್ತನ್ನೂ ಕೆಡಿಸುತ್ತೆ. ಚಿಕ್ಕಮ್ಮ ತುದಿಯನ್ನು ಪೂರ್ತಿ ಕತ್ತರಿಸಲ್ಲ, ಚೂರು ಕವರಿಗೇ ಅಂಟಿಕೊಂಡಿರಬೇಕು. ಬೇರೆಯಾದ ಆ ಚೂರನ್ನು ಯಾರೂ ಹೆಕ್ಕಲ್ಲ, ಅದು ಚರಂಡಿ ಹಿಡಿದು ತುಂಗೆಗೆ ಹೋಗುತ್ತೆ. ಅಂದರೆ ಆ 12 ಗಂಟೆಯಲ್ಲಿ ಉಳಿದದ್ದು ಊರಿನ ಖರ್ಚು, ಮನೆಯದ್ದಲ್ಲ. ಹಾಗಿದ್ದರೆ ಅದನ್ನು ಹಾಗೇ ಹೇಳಬೇಕು, ಉಳಿತಾಯದ ಟಿಪ್ಸ್ ಅಂತ ಮಾರಬಾರದು.

ಕಾನೂನಿನ ಕಡೆ ನೋಡಿದರೂ ಇದೇ ಓರೆ. 2022ರ ಜುಲೈ 1ರಿಂದ ದೇಶದಾದ್ಯಂತ ಪ್ಲಾಸ್ಟಿಕ್ ಚಮಚ, ತಟ್ಟೆ, ಲೋಟ, ಸ್ಟ್ರಾ ನಿಷೇಧ. ಆ ಪಟ್ಟಿಯಲ್ಲಿ ಪಾರ್ಸೆಲ್ ಡಬ್ಬಿ ಇಲ್ಲ. ಚಮಚ ಹೋಯ್ತು, ಅದಕ್ಕಿಂತ ಎಷ್ಟೋ ಪಟ್ಟು ಭಾರದ ಡಬ್ಬಿ ಉಳೀತು. ಯಾವ ಡಬ್ಬಿ ಅಂತ ತೀರ್ಮಾನಿಸೋದು ಹೋಟೆಲು, ತೊಳೆಯೋದು ನಾವು, ಲೇಬಲ್ ಅಂಟಿಸಿ ಸಂಭ್ರಮಿಸೋದೂ ನಾವೇ. ಒಂದು ಮನೆಗೆ ಬೇಳೆಕಾಳಿನ ಡಬ್ಬಿ ಎಷ್ಟು ಬೇಕು? ಹನ್ನೆರಡು, ಹೋಗಲಿ ಹದಿನೈದು. ವಾರಕ್ಕೆರಡು ಸಲ ಊಟ ತರಿಸುವ ಮನೆಯಲ್ಲಿ ಅಷ್ಟು ಡಬ್ಬಿ ಎರಡು ತಿಂಗಳೊಳಗೆ ತುಂಬುತ್ತೆ. ಹದಿನಾರನೇ ಡಬ್ಬಿಯಿಂದ ಮುಂದೆ ಅಟ್ಟದ ಮೇಲಿರೋದು ಕಸವೇ, ಮುಚ್ಚಳ ಹಾಕಿದ ಕಸ.

ಶಿವಮೊಗ್ಗದಲ್ಲಿ ಈಗಲೂ ಸ್ಟೀಲ್ ಕ್ಯಾರಿಯರ್ ಹಿಡಿದು ಹೋದರೆ ಸಾಂಬಾರ್ ಹುಯ್ದು ಕೊಡೋ ಹೋಟೆಲುಗಳಿವೆ. ಬೆಂಗಳೂರಲ್ಲಿ ನಾನು ಬಳಸೋ ಆಪ್‌ನಲ್ಲಿ 'ಚಮಚ ಬೇಡ' ಅಂತ ಟಿಕ್ ಮಾಡಬಹುದು. 'ಹೋದ ವಾರದ ಡಬ್ಬಿ ವಾಪಸ್ ತಗೊಂಡು ಹೋಗಿ' ಅನ್ನೋ ಬಟನ್ ಹುಡುಕಿದೆ, ಇರಲಿಲ್ಲ. ಕೋಡ್ ಬರೆಯೋಕೆ ಅದೇನು ಮಹಾ ಕಷ್ಟದ್ದಲ್ಲ.