ಆಜ್ಞೆ ಮುಂದೆ, ಪ್ರೀತಿ ಹಿಂದೆ

ಇಪ್ಪತ್ತನೇ ಶತಮಾನದಲ್ಲಿ ವಿಧೇಯತೆಯ ಬಗ್ಗೆ ಬಂದ ಕ್ರೈಸ್ತ ಪುಸ್ತಕಗಳಲ್ಲಿ ಜರ್ಮನ್ ದೈವಶಾಸ್ತ್ರಜ್ಞ ಡೀಟ್ರಿಖ್ ಬಾನ್‌ಹಾಫರ್ ಅವರ 'ನಾಖ್‌ಫೋಲ್ಗೆ'ಯಷ್ಟು ನಿಷ್ಠುರವಾದದ್ದು ಮತ್ತೊಂದಿರಲಾರದು. 1937ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾದ ಇದು 'ದಿ ಕಾಸ್ಟ್ ಆಫ್ ಡಿಸೈಪಲ್‌ಶಿಪ್' ಎಂಬ ಇಂಗ್ಲಿಷ್ ಹೆಸರಿನಿಂದ ಜಗತ್ತಿಗೆ ಪರಿಚಿತ. ಹಿಟ್ಲರನಿಗೆ ಮಣಿಯದ ಕನ್ಫೆಸಿಂಗ್ ಚರ್ಚ್ ಫಿಂಕನ್‌ವಾಲ್ಡೆಯಲ್ಲಿ ನಡೆಸುತ್ತಿದ್ದ ಸೆಮಿನರಿಯ ಪಾಠಗಳೇ ಇದರ ಮೂಲ. ಪುಸ್ತಕ ಬಂದ ವರ್ಷವೇ ನಾಜಿಗಳ ಗುಪ್ತ ಪೊಲೀಸ್ ದಳ ಗೆಸ್ಟಾಪೊ ಆ ಸೆಮಿನರಿಗೆ ಬೀಗ ಜಡಿಯಿತು.

ಅದರ ಅತ್ಯುತ್ತಮ ಭಾಗ ಮೊದಲ ಅಧ್ಯಾಯ. ಅಗ್ಗದ ಕೃಪೆಯೇ ಸಭೆಯ ಶತ್ರು ಎನ್ನುವ ಬಾನ್‌ಹಾಫರ್ ನೇರವಾಗಿ ಕೈಯಿಡುವುದು ತಮ್ಮದೇ ಲೂಥರನ್ ಮನೆತನದ ಮೇಲೆ. ಕೃಪೆಯೊಂದೇ ಸಾಕು ಎಂಬ ತೀರ್ಮಾನಕ್ಕೆ ಲೂಥರ್ ಬಂದದ್ದು ಮಠದೊಳಗೆ ಬೆಂದು, ಮಠ ಬಿಟ್ಟು, ಬದುಕನ್ನೇ ಪಣಕ್ಕಿಟ್ಟ ಮೇಲೆ. ಅನುಯಾಯಿಗಳು ಆ ಉತ್ತರವನ್ನಷ್ಟೇ ನಕಲು ಮಾಡಿಕೊಂಡರು. ಲೆಕ್ಕ ಬಿಡಿಸುವ ಗೋಜಿಗೆ ಹೋಗಲಿಲ್ಲ. ಪಾಪಕ್ಷಮೆ ಉಂಟು, ಪಶ್ಚಾತ್ತಾಪ ಇಲ್ಲ. ದೀಕ್ಷಾಸ್ನಾನ ಉಂಟು, ಶಿಸ್ತು ಇಲ್ಲ. ಇಂಥ ಧರ್ಮ ಸ್ವಸ್ತಿಕದ ಬಾವುಟದ ಕೆಳಗೂ ಆರಾಮಾಗಿ ಕೂರಬಲ್ಲದು ಎಂಬುದನ್ನು ಬಾನ್‌ಹಾಫರ್ ಕಣ್ಣಾರೆ ಕಂಡಿದ್ದರು. ಹಾಗಾಗಿ ಇಲ್ಲಿನ ಕೋಪಕ್ಕೆ ತೂಕವಿದೆ.

ನಂಬಿದ ಮೇಲೆ ವಿಧೇಯನಾಗುತ್ತೇನೆ ಎಂದು ಕಾಯುವವನಿಗೆ ಅವರು ಪೇತ್ರನನ್ನು ತೋರಿಸುತ್ತಾರೆ: ದೋಣಿಯಿಂದ ಕಾಲು ಹೊರಗಿಡದೆ ನಂಬಿಕೆ ಕಲಿಯುವುದೆಲ್ಲಿ? ಈ ಮಾತಿಗೆ ನನ್ನಲ್ಲಿ ಎದುರುತ್ತರವಿಲ್ಲ.

ತಕರಾರು ಇರುವುದು ಬೇರೆ ಕಡೆ. ಯೋಹಾನನ ಸುವಾರ್ತೆಯ 15ನೇ ಅಧ್ಯಾಯದಲ್ಲಿ, ಆಜ್ಞೆಗಳನ್ನು ಕೈಕೊಳ್ಳುವವರು ತನ್ನ ಪ್ರೀತಿಯಲ್ಲಿ ನೆಲೆಗೊಂಡಿರುತ್ತಾರೆ ಎಂದು ಯೇಸು ಹೇಳುವ ಮೊದಲೇ, ತಾನು ಅವರನ್ನು ಪ್ರೀತಿಸಿಯಾಯಿತು ಎಂದಿರುತ್ತಾನೆ. ಶಿಷ್ಯ ಒಳಗೆ ಬಂದದ್ದು ವಿಧೇಯತೆಯಿಂದಲ್ಲ. ಬಂದವನು ಅಲ್ಲಿ ಉಳಿಯುವ ರೀತಿ ಅದು. ಬಾನ್‌ಹಾಫರ್ ನೆಚ್ಚಿಕೊಂಡದ್ದು ಮತ್ತಾಯನನ್ನು, ಅದರಲ್ಲೂ ಪರ್ವತ ಪ್ರಸಂಗವನ್ನು. ಐಶ್ವರ್ಯವಂತ ಯುವಕನ ಪ್ರಸಂಗಕ್ಕೂ ಅವರು ಆರಿಸಿಕೊಳ್ಳುವುದು ಮತ್ತಾಯನ ಪಾಠವನ್ನೇ. ಅದೇ ಕಥೆಯನ್ನು ಹೇಳುವ ಮಾರ್ಕನು, ಯೇಸು ಆ ಯುವಕನನ್ನು ದೃಷ್ಟಿಸಿ ನೋಡಿ ಪ್ರೀತಿಸಿದನು, ಆಮೇಲೆ ಎಲ್ಲವನ್ನೂ ಮಾರಲು ಹೇಳಿದನು ಎನ್ನುತ್ತಾನೆ. ಆ ನೋಟದ ಬಿಸುಪು ಈ ಪುಸ್ತಕದಲ್ಲಿ ಕಡಿಮೆ. ಕರೆಯುವವನ ಅಧಿಕಾರ ಪುಟಪುಟದಲ್ಲೂ ತಾಗುತ್ತದೆ, ಅಕ್ಕರೆ ಅಪರೂಪಕ್ಕೊಮ್ಮೆ.

ಇದು ಬರೀ ಶೈಲಿಯ ಮಾತಲ್ಲ. ವಿಧೇಯತೆಯೆಂದರೆ ಸಭಾಪಾಲಕರಿಗೆ ಎದುರಾಡದಿರುವುದು, ದಶಮಾಂಶ ತಪ್ಪಿಸದಿರುವುದು ಎಂದುಕೊಂಡ ಸಭೆಗಳು ನಮ್ಮಲ್ಲೂ ಇವೆ. ಅಂಥವರ ಕೈಗೆ ಈ ಪುಸ್ತಕ ಬೆತ್ತವಾಗಬಹುದು. ಬಾನ್‌ಹಾಫರ್ ಕೇಳಿದ್ದು ಕ್ರಿಸ್ತನೊಬ್ಬನಿಗೇ ವಿಧೇಯತೆ, ಅದೂ ಮನುಷ್ಯರ ಹುಕುಮನ್ನು ಮುರಿಯಬೇಕಾದ ಕಾಲದಲ್ಲಿ.

ಅಪಾಯ ಅವರಿಗೂ ಕಂಡಿತ್ತು. ಹಿಟ್ಲರನ ಕೊಲೆಯತ್ನ ವಿಫಲವಾದ ಮರುದಿನ, 1944ರ ಜುಲೈ 21ರಂದು, ಟೇಗಲ್ ಸೆರೆಮನೆಯಿಂದ ಗೆಳೆಯ ಬೆತ್ಗೆಗೆ ಬರೆದ ಪತ್ರದಲ್ಲಿ, ಪುಣ್ಯಜೀವನ ನಡೆಸಲು ಹೆಣಗಿ ನಂಬಿಕೆ ಗಳಿಸಬಹುದೆಂದು ಒಮ್ಮೆ ಭಾವಿಸಿದ್ದೆ, ಆ ದಾರಿಯ ಕೊನೆಯಲ್ಲಿ ಈ ಪುಸ್ತಕ ಬರೆದೆ ಎನ್ನುತ್ತಾರೆ. ಅದರ ಅಪಾಯಗಳು ಈಗ ಕಾಣುತ್ತಿವೆ ಎಂದರೂ ಬರೆದದ್ದನ್ನು ಹಿಂದಕ್ಕೆ ಪಡೆಯುವುದಿಲ್ಲ. ಅಷ್ಟರಲ್ಲಿ ಅವರು ಹಿಟ್ಲರನ ವಿರುದ್ಧದ ಸಂಚುಗಾರರ ನಡುವೆ ಗುಟ್ಟು, ಸುಳ್ಳುಗಳೊಂದಿಗೆ ಬಾಳಿದವರು. 'ನೇರ ಆಜ್ಞೆ, ನೇರ ವಿಧೇಯತೆ' ಎಂಬ 1937ರ ಸೂತ್ರ ಆ ಬದುಕಿಗೆ ಸಾಲುತ್ತಿರಲಿಲ್ಲ. 1945ರ ಏಪ್ರಿಲ್ 9ರಂದು ಫ್ಲೋಸನ್‌ಬ್ಯುರ್ಗ್ ಯಾತನಾಶಿಬಿರದಲ್ಲಿ ನಾಜಿಗಳು ಅವರನ್ನು ಗಲ್ಲಿಗೇರಿಸಿದರು.

'ನಾಖ್‌ಫೋಲ್ಗೆ' ಓದುವವರು 1939ರಲ್ಲಿ ಬಂದ ಅವರ 'ಲೈಫ್ ಟುಗೆದರ್' ಎಂಬ ಕಿರುಹೊತ್ತಗೆಯನ್ನೂ ಜೊತೆಗಿಟ್ಟುಕೊಳ್ಳಬೇಕು. ಅದೂ ಫಿಂಕನ್‌ವಾಲ್ಡೆಯ ಬದುಕಿನದೇ ಕೂಸು. ಇನ್ನೊಬ್ಬರ ಮಾತಿಗೆ ಕಿವಿಗೊಡುವುದು, ನಾಲಿಗೆ ಬಿಗಿಹಿಡಿಯುವುದು, ಸಣ್ಣಪುಟ್ಟ ಕೆಲಸಕ್ಕೆ ನೆರವಾಗುವುದು, ಸಹೋದರನ ಮುಂದೆ ಪಾಪ ಒಪ್ಪಿಕೊಳ್ಳುವುದು ಅಲ್ಲಿ ವಿಧೇಯತೆಯ ದಿನಚರಿ. ದೊಡ್ಡ ಪುಸ್ತಕದಲ್ಲಿ ನಾನು ಹುಡುಕಿದ ಪ್ರೀತಿ ಸಿಕ್ಕಿದ್ದು ಅದರಲ್ಲಿ.